ಶುಕ್ರವಾರ ಹಿಡಿಯದ ಕತ್ತರಿ

ನಾನು ಓಲೆಗರಿಗಳ ಮನುಷ್ಯ. ಹುಳು ತಿಂದು, ತುದಿ ಮುರಿದು, ಉಸಿರು ತಾಗಿದರೂ ಪುಡಿಯಾಗುವಂಥ ಗ್ರಂಥಗಳನ್ನು ಬಿಚ್ಚಿ, ಓದಿ, ಮತ್ತೆ ಕಟ್ಟಿಟ್ಟ ಕೈ ಇದು. ಇಂಥ ಕೈಗೆ ಯಃಕಶ್ಚಿತ್ ಒಂದು ಹಳೆಯ ಕ್ಯಾಮರಾದೊಳಗೆ ಫಿಲ್ಮು ತುಂಬುವುದು ಯಾವ ಮಹಾಕಾರ್ಯ! ಜೋರಾಪುರ ಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ನಾನು ಹೀಗೆಂದು ಘೋಷಿಸಿದಾಗ, ಹೆಸರುಕಾಳು ಹಸನು ಮಾಡುತ್ತಿದ್ದ ನನ್ನ ಧರ್ಮಪತ್ನಿ ಅನುಜಾ ತಲೆಯೆತ್ತದೆ ಕೇಳಿದಳು:

“ಹೋದ ತಿಂಗಳ ಮಿಕ್ಸರಿನ ಮುಚ್ಚಳ ಹಾಕಲಿಕ್ಕೆ ಬರದ, ಛತ್ತಿನ ತನಕ ಚಟ್ನಿ ಹಾರಿಸಿದ್ದೂ ಇದೇ ಕೈ ಅಲ್ಲೇನ್ರಿ?”

ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ವಿದ್ವಾಂಸನಾದವನು ಎಲ್ಲವನ್ನೂ ಕೇಳಿಸಿಕೊಳ್ಳಬಾರದು.

ಪ್ರಸಂಗ ಇಷ್ಟು. ನನ್ನ ಅತ್ತೆಯವರಾದ ಆನಂದೀಬಾಯಿಯವರ ವಿವಾಹವು ಬಬಲೇಶ್ವರದಲ್ಲಿ ಜರುಗಿದಾಗ, ಫೋಟೋ ತೆಗೆಯಬೇಕಾದ ಮಹಾನುಭಾವನು ದಾರಿ ತಪ್ಪಿ ಇನ್ನಾರದೋ ಮದುವೆಯ ಮನೆಯನ್ನು ಹೊಕ್ಕು, ಅವರ ಫೋಟೋ ತೆಗೆದು, ಅಲ್ಲಿಯೇ ಉಂಡು ಹಿಂದಿರುಗಿದನಂತೆ! ಆ ಕೊರತೆ ಅತ್ತೆಯವರನ್ನು ಇಂದಿನವರೆಗೂ ಬಿಟ್ಟಿರಲಿಲ್ಲ. ಎಂದಾದರೊಂದು ದಿನ ಉಟ್ಟು ಫೋಟೋಕ್ಕೆ ಕೂಡ್ರಬೇಕೆಂದು ಮದುವೆಯ ಇಳಕಲ್ ಸೀರೆಯನ್ನು ಬೇವಿನೆಲೆಗಳ ನಡುವೆ ಕಾದಿಟ್ಟಿದ್ದರು. ಮಡಿಕೆಗಳಲ್ಲಿ ರೇಶಿಮೆ ಸೀಳತೊಡಗಿತ್ತು. ಇನ್ನೊಮ್ಮೆ ಉಡುವಷ್ಟು ಮಾತ್ರ ಜೀವ ಉಳಿದಿತ್ತು. ಮೊಬೈಲೆಂದರೆ ಅವರಿಗೆ ಸೇರದು. “ಬೆರಳ ಸರಸಿದರ ಹೋಗೂದು ಫೋಟೋನ ಅಲ್ಲ. ಗ್ವಾಡಿಗೆ ತೂಗೂದು ಫೋಟೋ” ಎಂಬುದು ಅವರ ಸಿದ್ಧಾಂತ.

ಈಗ ಟಿಕೋಟದ ಮನೆಯಲ್ಲಿ ಅವರ ವಿವಾಹದ ಅರವತ್ತನೆಯ ವರ್ಷದ ಪೂಜೆ. ಸ್ಟೇಷನ್ ರಸ್ತೆಯ ಸ್ಟುಡಿಯೋದವರನ್ನು ಕರೆಸೋಣವೆಂದಳು ಅನುಜಾ. ನಾನಿರುವಾಗಲೇ? ಛೆ!

ಗುರುವಾರ ಮಧ್ಯಾಹ್ನ ಅನುಜಾಳನ್ನೂ ಕರೆದುಕೊಂಡು ಗೆಳೆಯ ಅಬ್ದುಲಸಮದರ ಮನೆಗೆ ಹೋದೆ. ಅವರು ಇತಿಹಾಸದ ನಿವೃತ್ತ ಪ್ರಾಧ್ಯಾಪಕರು. ಬಚ್ಚಲಮನೆಯನ್ನೇ ಕತ್ತಲೆಕೋಣೆ ಮಾಡಿಕೊಂಡು ಇಂದಿಗೂ ಫಿಲ್ಮು ತೊಳೆಯುವ ರಸಿಕರು. ತಮ್ಮ ಹಳೆಯ ರಶಿಯನ್ ಕ್ಯಾಮರಾವನ್ನು ನನ್ನ ಕೈಗಿತ್ತರು. ಅದರ ಕಿಂಡಿಯಲ್ಲಿ ಕಣ್ಣಿಟ್ಟರೆ ಎದುರಿನ ವಸ್ತು ಎರಡಾಗಿ ಕಾಣುತ್ತದೆ. ಎರಡು ಬಿಂಬಗಳೂ ಒಂದಾಗುವಂತೆ ತಿರುಗಿಸಿದರೆ ದೂರವು ಸರಿಹೋಯಿತೆಂದರ್ಥ.

“ಎರಡನ್ನ ಒಂದ ಮಾಡೂದು ನಿಮ್ಮ ದ್ವೈತಕ್ಕ ಒಗ್ಗತೈತೋ ಇಲ್ಲೋ ನೋಡ್ಕೋರಿ ಆಚಾರ್ರ,” ಎಂದು ನಕ್ಕರು. ಆಮೇಲೆ ಗಂಭೀರರಾದರು. “ಇದರ ಬೆನ್ನ ತೆರಿಯೂದಿಲ್ಲ. ತಳಾ ಬಿಚ್ಚಿ ಫಿಲ್ಮು ಇಳಸಬೇಕು. ಈಗಿನ ಫಿಲ್ಮಿನ ಡಬ್ಬಿ ಹೊರಗ ಚಾಚಿದ ನಾಲಿಗಿ ಗಿಡ್ಡ ಐತಿ. ಅರ್ಧಾ ಅಗಲಾ ಕತ್ತರಸಿ ಅಂಗೈಯಷ್ಟು ಉದ್ದ ಮಾಡಲಿಲ್ಲಂದ್ರ ಒಳಗಿನ ಹಲ್ಲಿಗೆ ಕೂಡೂದಿಲ್ಲ. ತರ್ರಿ ಇಲ್ಲೆ, ನಾನ ಕತ್ತರಸಿ ತುಂಬಿ ಕೊಡತೀನಿ.”

“ಈಗ ರಾಹುಕಾಲ,” ಎಂದೆ.

“ಫಿಲ್ಮಿಗ್ಯಾವ ರಾಹುಕಾಲರಿ!”

“ನಾಳೆ ಪೂಜಾ ಮುಗಿಸಿ, ಸುಮುಹೂರ್ತ ನೋಡಿ ನಾನೇ ತುಂಬತೀನಿ.”

“ಆತ್ರಿ. ಫಿಲ್ಮು ಸರಿಯಾಕತ್ತಿತಂದ್ರ ಈ ಎಡಗಡಿ ಗುಂಡಿ ತಾನ ತಿರಗತೈತಿ. ತಿರಗಲಿಲ್ಲಂದ್ರ, ಗಾಳೀ ಫೋಟೋ ತಗ್ಯಾಕತ್ತೀರಂತ ತಿಳೀರಿ.”

ಮರುದಿನ ಟಿಕೋಟದಲ್ಲಿ ಪೂಜೆ ಮುಗಿಯಿತು, ಮುಹೂರ್ತ ಬಂದಿತು. ನಾನು ಮಣೆಯ ಮೇಲೆ ಕುಳಿತು ಕ್ಯಾಮರಾದ ತಳ ಬಿಚ್ಚಿ ಗಂಭೀರವಾಗಿ ಕೇಳಿದೆ: “ಅತ್ಯಾ, ಒಂದ ಕತ್ತರಿ ಕೊಡ್ರಿ.”

ಉಡಿ ತುಂಬುತ್ತಿದ್ದವರೆಲ್ಲ ತಿರುಗಿ ನೋಡಿದರು.

“ಶುಕ್ರವಾರ, ಉಡೀ ತುಂಬೂ ಹೊತ್ತಿನ್ಯಾಗ ಕತ್ತರಿ?” ಅತ್ತೆಯವರ ಕಣ್ಣು ಅರಳಿದವು. “ಅದೂ ನಿಮ್ಮ ಬಾಯಿಲೆ, ಅಳಿಯಂದ್ರ?”

ನಾಚಿಕೆಯಿಂದ ಕುಗ್ಗಿಹೋದೆ. ಶುಕ್ರವಾರ ಮನೆಯಲ್ಲಿ ಕತ್ತರಿ ಮುಟ್ಟಬಾರದೆಂದು ಊರಿಗೆಲ್ಲ ಉಪದೇಶಿಸಿದವನು ನಾನೇ ಅಲ್ಲವೆ! ಸುಮುಹೂರ್ತವನ್ನು ಹುಡುಕುವ ಭರದಲ್ಲಿ ವಾರವನ್ನೇ ಮರೆತಿದ್ದೆ. ಆದರೆ ಪಂಡಿತನ ಬುದ್ಧಿಗೆ ಸಮಾಧಾನ ಹುಡುಕುವುದು ಎಷ್ಟರ ಕೆಲಸ? ಫಿಲ್ಮು ಮಾಡಿದವರೇ ಅದರ ನಾಲಿಗೆಯನ್ನು ತಕ್ಕಮಟ್ಟಿಗೆ ಕತ್ತರಿಸಿಯೇ ಇಟ್ಟಿದ್ದಾರೆ. ಅದರ ಮೇಲೆ ನಾವು ಕತ್ತರಿಸುವುದು ಪುನರುಕ್ತಿ ದೋಷ! ಹೀಗೆಂದು ನಿರ್ಣಯಿಸಿ ಗಿಡ್ಡ ನಾಲಿಗೆಯನ್ನೇ ಒಳಕ್ಕೆ ಒತ್ತಿದೆ. ಅದು ಒಲ್ಲೆನೆಂದಿತು. ಮತ್ತಷ್ಟು ಒತ್ತಿದೆ. ‘ಕಟ್’ ಎಂದೊಂದು ಸದ್ದಾಯಿತು. ಶುಭಶಕುನವೆಂದು ಭಾವಿಸಿ ತಳ ಮುಚ್ಚಿದೆ.

ಅಷ್ಟಕ್ಕೆ ಬಿಟ್ಟಿದ್ದರೂ ಪ್ರಾಣ ಉಳಿಯುತ್ತಿತ್ತು. ಬೀಗರೆಲ್ಲ ಮೊಬೈಲು ಎತ್ತಿದ್ದನ್ನು ಕಂಡು ನನ್ನ ಪಿತ್ತ ಕೆರಳಿತು. “ಇಂಥಾ ಪವಿತ್ರ ಗಳಿಗ್ಯಾಗ ಈ ಆಟಿಕಿ ಸಾಮಾನು ಯಾಕ?” ಎಂದು ಗುಡುಗಿ, ಒಂದನ್ನೂ ಬಿಡದೆ ಎಲ್ಲವನ್ನೂ ಹರಿವಾಣದಲ್ಲಿ ಕೂಡಿಸಿ, ದೇವರ ಕೋಣೆಯಲ್ಲಿಟ್ಟು ಅಗಳಿ ಹಾಕಿದೆ!

ಮದುವೆಯ ಸೀರೆಯ ತೋಪುತೆನೆ ನೇಯ್ಗೆಯ ಸೆರಗು ಹೊದ್ದು ಅತ್ತೆಯವರು ಬಂದು ಕುಳಿತರು. ಪಕ್ಕದಲ್ಲಿ ಮಾವ ವೇದವ್ಯಾಸರಾಯರು. ಆಜನ್ಮ ಮಿತಭಾಷಿ, ನಕ್ಕದ್ದನ್ನು ಕಂಡವರಿಲ್ಲ.

“ನಗಬೇಕೇನು?” ಎಂದರು ಮಾವ.

“ಆವತ್ತಂತೂ ನಗಲಿಲ್ಲ. ಇವತ್ತರೆ ನಗ್ರಿ,” ಎಂದರು ಅತ್ತೆ.

ಮಾವ ನಕ್ಕರು! ಅತ್ತೆಯವರು ಕ್ಯಾಮರಾವನ್ನು ಮರೆತು, ತಿರುಗಿ, ಆ ನಗೆಯನ್ನೇ ನೋಡಿದರು. ಆ ನೋಟವನ್ನು ವರ್ಣಿಸಲು ನನ್ನ ಪಾಂಡಿತ್ಯವೆಲ್ಲ ಸಾಲದು. ನಾನು ಗುಂಡಿ ಒತ್ತಿದೆ.

“ಎಡಗಡೆದು ತಿರಗಲಿಕ್ಕತ್ತದೇನ್ರಿ?” ಎಂದು ಅನುಜಾ ಕಿವಿಯಲ್ಲಿ ಪಿಸುಗುಟ್ಟಿದಳು.

“ಕಲಾವಿದ ಮುಖಾ ನೋಡತಾನ, ಗುಂಡಿ ಅಲ್ಲ!”

ತೆಗೆದೆ, ತೆಗೆದೆ, ತೆಗೆಯುತ್ತಲೇ ಹೋದೆ. ಮೂವತ್ತಾರಕ್ಕೆ ಮುಗಿಯಬೇಕಾದ ಫಿಲ್ಮು ನಲವತ್ತಾದರೂ ಮುಗಿಯಲಿಲ್ಲ. ಅಕ್ಷಯಪಾತ್ರೆ! ದೇವರ ಕರುಣೆಯೆಂದು ಸಭೆಗೆ ಸಾರಿದೆ. ಹಲವರು ಕೈಮುಗಿದರು.

ಸೋಮವಾರ ಮುಂಜಾನೆ ಅನುಜಾಳೊಡನೆ ಅಬ್ದುಲಸಮದರ ಬಚ್ಚಲಮನೆಯ ಬಾಗಿಲಲ್ಲಿ ಕಾದು ನಿಂತೆ. ಕಡೆಗೆ ಅವರು ಹೊರಬಂದು, ಫಿಲ್ಮಿನ ಡಬ್ಬಿಯನ್ನು ನನ್ನ ಅಂಗೈಯಲ್ಲಿಟ್ಟರು. ಮುದುಡಿದ ಗಿಡ್ಡ ನಾಲಿಗೆಯೊಂದು ಅದರಿಂದ ನನ್ನನ್ನು ಅಣಕಿಸುತ್ತಿತ್ತು.

“ಆಚಾರ್ರ, ನಿಮ್ಮ ಫಿಲ್ಮು ಭಾಳ ಮಡೀಲೆ ಉಳದೈತಿ. ಬೆಳಕ ಸೈತ ಮುಟ್ಟಿಲ್ಲ.”

ನಾನು ಮೆಟ್ಟಿಲ ಮೇಲೆಯೇ ಕುಸಿದೆ.

“ಹಿಂಗ್ಯಾಕ ಕೂಡತೀರಿ? ಸೀರಿ ಎಲ್ಲಿ ಓಡಿಹೋಗೈತಿ? ಇನ್ನೊಮ್ಮೆ ಉಡಸಿ ತಗೀರಿ,” ಎಂದು ಕ್ಯಾಮರಾವನ್ನು ಮತ್ತೆ ನನ್ನ ಕೊರಳಿಗೆ ಹಾಕಿದರು.

ಹೌದಲ್ಲ! ಸಿಕ್ಕ ಬಸ್ಸು ಹತ್ತಿ ಇಬ್ಬರೂ ಟಿಕೋಟಕ್ಕೆ ಓಡಿದೆವು. ಪಡಸಾಲೆಯಲ್ಲಿ ಅತ್ತೆಯವರು ಸೂಜಿ ಹಿಡಿದು ಕುಳಿತಿದ್ದರು. ಸುತ್ತಲೂ ಕೆಂಪು, ಹಸಿರು ಚೌಕಗಳು. ತೋಪುತೆನೆಯ ಒಂದು ತುಂಡು ಅವರ ತೊಡೆಯ ಮೇಲಿತ್ತು.

“ಬರ್ರಿ, ಬರ್ರಿ. ಫೋಟೋ ತಂದ್ರೇನು?” ಮುಖವೆಲ್ಲ ಬೆಳಕು. “ಇನ್ನ ಫೋಟೋ ಆತಲಾ, ಸೀರಿ ಇಟ್ಟು ಏನ ಮಾಡೂದಂತ ಐತವಾರನ ಕತ್ತರಿ ಹಚ್ಚಿದೆ. ಮೊಮ್ಮಗಳ ಕೂಸಿಗೆ ಕೌದಿ ಆಗತದ.”

ನಾನು ಹೇಳಬೇಕಾದುದನ್ನು ಹೇಳಿದೆ. ಜೀವಮಾನದಲ್ಲಿ ಅಷ್ಟು ಸಣ್ಣ ವಾಕ್ಯವನ್ನು ನಾನು ಆಡಿದ್ದಿಲ್ಲ: “ಒಂದೂ ಬಂದಿಲ್ಲ, ಅತ್ಯಾ.”

ಸೂಜಿ ನಿಂತಿತು. ಅತ್ತೆಯವರು ತೊಡೆಯ ಮೇಲಿನ ತುಂಡನ್ನು ಅಂಗೈಯಿಂದ ಸವರಿದರು, ಸವರುತ್ತಲೇ ಇದ್ದರು.

“ನಾ ನಕ್ಕದ್ದೂ ಹೋತೇನು?” ಒಳಗಿನಿಂದ ಮಾವನವರ ಧ್ವನಿ ಬಂದಿತು. “ಇನ್ನೊಮ್ಮೆ ನನ್ನ ಕೈಲೆ ಆಗೂದಿಲ್ಲಪಾ.”

ಬಯ್ದಿದ್ದರೆ ಬದುಕುತ್ತಿದ್ದೆ. ಅತ್ತೆಯವರು ಬಯ್ಯಲಿಲ್ಲ. ಕತ್ತರಿಯನ್ನು ನನ್ನ ಕಡೆ ಸರಿಸಿದರು. “ಇವತ್ತ ಸೋಮವಾರ, ಅಳಿಯಂದ್ರ. ಅಡ್ಡಿಲ್ಲ. ನಾಲಿಗಿ ಎಷ್ಟು ಉದ್ದ ಬೇಕೋ ಅಷ್ಟು ಮಾಡಕೋರಿ.”

“ಅವರದು ಮೊದಲ ಉದ್ದ ಅದ, ಅವ್ವಾ,” ಎಂದಳು ಅನುಜಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಫಿಲ್ಮಿಂದಷ್ಟ ಮಾಡಲಿ.”

ಸೀರೆಯನ್ನು ತುಂಡರಿಸಿದ ಕತ್ತರಿಯಿಂದಲೇ ನಾಲಿಗೆಯನ್ನು ಉದ್ದ ಮಾಡಿ ಫಿಲ್ಮು ತುಂಬಿದೆ. ಎಡಗಡೆಯ ಗುಂಡಿ ಮೆಲ್ಲಗೆ, ವಿಧೇಯವಾಗಿ ತಿರುಗಿತು. ಈ ಸಲ ಅದನ್ನೇ ನೋಡಿದೆ. ಎದುರಿಗಿದ್ದವರ ಮುಖ ನೋಡುವ ಧೈರ್ಯವಿರಲಿಲ್ಲ.

ಆ ಫೋಟೋ ಈಗ ನಮ್ಮ ಗೋಡೆಯ ಮೇಲಿದೆ: ಅರ್ಧ ಹೊಲಿದ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡ ಇಬ್ಬರು ವೃದ್ಧರು. ಮಾವನವರು ನಕ್ಕಿಲ್ಲ. ಅದರ ಪಕ್ಕದಲ್ಲಿ, ಆ ಸೋಮವಾರವೇ ಅನುಜಾ ತನ್ನ ಮೊಬೈಲಿನಲ್ಲಿ ಸದ್ದಿಲ್ಲದೆ ತೆಗೆದು, ಕಟ್ಟು ಹಾಕಿಸಿ ತೂಗುಬಿಟ್ಟ ಇನ್ನೊಂದು: ಕತ್ತರಿ ಹಿಡಿದು, ಬಾಯಿ ತೆರೆದು, ಬೆವರುತ್ತಿರುವ ನಾನು.

ಬಂದವರೆಲ್ಲ ಎರಡನ್ನೂ ನೋಡಿ ಕೇಳುತ್ತಾರೆ: “ಕೌದಿ ಭಾಳ ಚಂದ ಅದರಿ! ಇದನ್ನ ಹೊಲದವರು ಆಚಾರ್ರ ಏನು?”

“ಅಲ್ರಿ,” ಎನ್ನುತ್ತಾಳೆ ಅನುಜಾ, ಚಹದ ಕಪ್ಪು ಮುಂದಿಡುತ್ತ. “ಹೊಲದಾಕಿ ನಮ್ಮವ್ವ. ಕತ್ತರಸಿದವರು ಇವರು.”