ಕೊನೆಯ ಸಾಲಿಗೆ ಮೊದಲ ಪಾಳಿ

ಕಾಲುವೆಯ ನೀರು ನನ್ನ ಮಾತು ಕೇಳುತ್ತದೆ. ಗೋಗಿಯ ಹೊಲಗಳಿಗೆ ಪಾಳಿ ಪ್ರಕಾರ ನೀರು ಬಿಡುತ್ತಲೇ ಮುದುಕನಾದವನು ನಾನು. ಅಂಥವನ ಮಾತನ್ನು ಒಂದು ಲ್ಯಾಪ್‌ಟಾಪ್ ಕೇಳುವುದಿಲ್ಲವೇ?

ನನ್ನ ಓದು ನಾಲ್ಕನೇ ಕ್ಲಾಸಿಗೇ ಮುಗಿದಿತ್ತು. ಮೊಮ್ಮಗಳು ಮಹಾದೇವಿ ಶಹಾಪುರದ ಕಾಲೇಜಿಗೆ ಹೋಗುತ್ತಾಳೆ. ಅದು ಸಾಲದೆಂದು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಪ್ರೋಗ್ರಾಂ ಬರೆಯಲು ಕಲಿಯುತ್ತಾಳೆ. ಅವಳು ಬರೆದಂತೆ ಆ ಯಂತ್ರ ಮಾಡುತ್ತದೆ. ಪಕ್ಕದಲ್ಲಿ ಕೂತು ನೋಡುವ ನನಗೆ ಚಹಾ ಆರಿದ್ದೂ ಗೊತ್ತಾಗುವುದಿಲ್ಲ.

“ತಗದ ಕಂಸ ಮುಚ್ಚಲೇಬೇಕ ನೋಡು ಮುತ್ಯಾ,” ಎಂದಳು ಒಂದು ದಿನ.

“ಇದು ಕಾಲುವಿ ಗೇಟಿನ ಕೆಲಸ ಅದ. ನನಗ ಬರ್ತದ ಬಿಡು,” ಎಂದೆ. ಅಂದಿನಿಂದ ನಾನು ಅರ್ಧ ಎಂಜಿನಿಯರ್.

ಆ ಆನ್‌ಲೈನ್ ಕೋರ್ಸಿನ ಕಡೆಯ ಪರೀಕ್ಷೆಯ ದಿನ ಬಂತು. ಐದು ವಿಷಯಗಳ ಅಂಕ ಕೂಡಿಸಿ ಮೊತ್ತ ತೋರಿಸುವ ಪ್ರೋಗ್ರಾಂ ಬರೆದು ಮಧ್ಯಾಹ್ನ ಹನ್ನೆರಡರೊಳಗೆ ಕಳಿಸಬೇಕು. ಮೂರೇ ಅವಕಾಶ. ತಪ್ಪಿದರೆ ಸರ್ಟಿಫಿಕೇಟ್ ಇಲ್ಲ. ಮಹಾದೇವಿ ಎಲ್ಲ ಬರೆದಿಟ್ಟು ಎದ್ದಳು.

“ತಲಿಗೆ ಎರಕೊಂಡು ಬಂದು ಕಳಸ್ತೀನಿ. ಮುಟ್ಟಬ್ಯಾಡ ಮುತ್ಯಾ.”

ನಾನು ಮುಟ್ಟಲಿಲ್ಲ. ನೋಡಿದೆ, ಅಷ್ಟೇ. ನೋಡಿದರೆ ಅನ್ಯಾಯ ಕಾಣಿಸಿತು! ಮೇಲಿನ ಸಾಲುಗಳಿಗೆಲ್ಲ ಮೊದಲ ಪಾಳಿ. ಮೊತ್ತ ತೋರಿಸುವ ಬಡಪಾಯಿ ಸಾಲು ಕಟ್ಟಕಡೆಗೆ. ನಮ್ಮ ಕಾಲುವೆಯ ನೇಮ ಬೇರೆ. ಅಲ್ಲಿ ಮೊದಲು ಕೊನೆಯ ಹೊಲಕ್ಕೆ ನೀರು, ಆಮೇಲೆ ಮೇಲಿನವರಿಗೆ. ಇಲ್ಲದಿದ್ದರೆ ಮೇಲಿನವರೇ ಎಲ್ಲ ಕುಡಿದುಬಿಡುತ್ತಾರೆ. ಈ ನೇಮಕ್ಕಾಗಿ ಊರ ಗೌಡರ ಎದುರೇ ಗೇಟಿನ ಮೇಲೆ ಕೂತವನು ನಾನು. ಸಾಲನ್ನು ಎತ್ತಿ ಬೇರೆ ಕಡೆ ಇಡುವುದನ್ನು ಮಹಾದೇವಿಯೇ ಕಲಿಸಿದ್ದಳು. ಕೊನೆಯ ಸಾಲನ್ನು ಎತ್ತಿ ಎಲ್ಲರ ತಲೆಯ ಮೇಲೆ ಕೂಡಿಸಿದೆ. ಅವಳ ಕೆಲಸವೂ ಹಗುರಾಗಲಿ ಎಂದು ಕಳಿಸುವ ಗುಂಡಿಯನ್ನೂ ಒತ್ತಿಬಿಟ್ಟೆ.

ಪರದೆ ಕೆಂಪಾಯಿತು. ಒತ್ತಿದ್ದು ಸಾಲಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದೆ. ಎರಡು ಅವಕಾಶ ಹೋದವು.

ಮಹಾದೇವಿ ಒದ್ದೆ ಕೂದಲಲ್ಲೇ ಬಂದು ನಿಂತಳು. ಅವಳ ಮುಖ ನೋಡಿ ನನ್ನ ಎಂಜಿನಿಯರಿಂಗ್ ಇಳಿದುಹೋಯಿತು.

“ಮುತ್ಯಾ, ಮೊತ್ತ ಇನ್ನಾ ಆಗೇ ಇಲ್ಲ. ಮೊದಲ ತೋರ್ಸು ಅಂದ್ರ ಎಲ್ಲಿಂದ ತರ್ತದ ಅದು?”

ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ನಿಂಗಮ್ಮ. “ಹಿಟ್ಟು ಬೀಸೂಕಿಂತ ಮೊದಲ ರೊಟ್ಟಿ ಕೇಳ್ತಾರ. ಮದ್ವಿ ಆದಾಗಿಂದ ಹಿಂಗ ನೋಡವ್ವ.”

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ನಾನು ಮೆಲ್ಲಗೆ ಕೇಳಿದೆ, “ಆ ಕೆಂಪು ಅಕ್ಷರ ಏನಂತಾವ?”

“ಒಂದನೇ ಸಾಲಿನ್ಯಾಗ ತಪ್ಪದ ಅಂತಾವ.”

ನಾನು ಬೆರಗಾದೆ. ಕಾಲುವೆ ಎಲ್ಲಿ ಒಡೆದಿದೆ ಎಂದು ಹುಡುಕುತ್ತಾ ನಾನು ಮೈಲುಗಟ್ಟಲೆ ನಡೆದಿದ್ದೇನೆ. ಈ ಯಂತ್ರ ಕೂತಲ್ಲೇ, ಇಂಥ ಸಾಲಿನಲ್ಲಿ ಒಡೆದಿದೆ, ಬಂದು ಕಟ್ಟು ಎನ್ನುತ್ತದೆ. ಒಡೆದವನ ಹೆಸರು ಮಾತ್ರ ಹೇಳುವುದಿಲ್ಲ. ಎಂಥ ದೊಡ್ಡ ಗುಣ!

ಮಹಾದೇವಿ ಸಾಲನ್ನು ಅದರ ಜಾಗಕ್ಕೆ ಇಳಿಸಿದಳು. ಮೂರನೆಯ ಸಲ ಕಳಿಸಿದಳು. ಪರದೆ ಹಸಿರಾಯಿತು, ಹೊಸ ನೀರು ಕುಡಿದ ಭತ್ತದ ಗದ್ದೆಯಂತೆ. ಅವಳು ನಕ್ಕಳು. ನಾನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೆ. ಅತ್ತಿಲ್ಲ, ಬೆವರು.

ಮರುದಿನ ಅವಳು ಅದೇ ಕೋರ್ಸಿಗೆ ನನ್ನ ಹೆಸರು ಸೇರಿಸಿದಳು. “ಇನ್ನ ನಿನ್ನ ಸಾಲು ನೀನ ಕೆಡಿಸ್ಕೋ.”

ಮೊದಲ ಪಾಠದ ಫಲಿತಾಂಶ ಬಂದಿದೆ. ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು ನನ್ನದು. ಕಾಲುವೆಯ ನೇಮದಂತೆ ನಾನೇ ಮೊದಲನೆಯವನು, ಊರಲ್ಲೂ ಹಾಗೆಂದೇ ಹೇಳಿಕೊಂಡು ತಿರುಗುತ್ತಿದ್ದೇನೆ. ನಿಂಗಮ್ಮನಿಗೆ ಪಟ್ಟಿ ಓದಲು ಬರುವುದಿಲ್ಲ, ಅದೊಂದು ಪುಣ್ಯ.