ಹಿತ್ತಲ ಕೋಳಿಗೆ ಮನೆಯಲ್ಲೇ ಆಹಾರ ಕಲಸುವವರ ಗಮನಕ್ಕೆ

ಹೋಬಳಿ ಕಚೇರಿ, ಗಾಲ್‌ಮೇ
(ಹಿತ್ತಲ ಕೋಳಿ ಮತ್ತು ಕಲಸಿದ ಆಹಾರ ವಿಭಾಗ)

ಸಂಖ್ಯೆ: ಹಿಕೋ/ಕಲಸು/ತಿದ್ದುಪಡಿ/ಮರುತಿದ್ದುಪಡಿ
ದಿನಾಂಕ: ಕಿಮ್ಚಿ (ಎಲೆಕೋಸಿನ ಉಪ್ಪಿನಕಾಯಿ) ಹಾಕುವ ವಾರದ ಗುರುವಾರ

ಸುತ್ತೋಲೆ

ವಿಷಯ: ಹಿತ್ತಲ ಕೋಳಿಗಳಿಗೆ ಮನೆಯಲ್ಲಿಯೇ ಆಹಾರ ಕಲಸುವುದನ್ನು ನಿಯಂತ್ರಿಸುವ ಬಗ್ಗೆ ಹಾಗೂ ತತ್ಸಂಬಂಧವಾಗಿ ಶನಿವಾರದ ತಿಥಿಯಲ್ಲಿ ಮೊದಲ ಬಟ್ಟಲು ಯಾರು ಎರೆಯಬೇಕೆಂಬ ಬಗ್ಗೆ.

ಉಲ್ಲೇಖ:
1. ಇದೇ ವಿಭಾಗದ ಹಿಂದಿನ ಸುತ್ತೋಲೆ (ಯಾರೂ ಓದಿರುವುದಿಲ್ಲ).
2. ಗ್ರಾಮದ ಮುಖ್ಯಸ್ಥರಾದ ಶ್ರೀ ಓಕ್ ಛುನ್‌ಬೇ ಅವರು ಧ್ವನಿವರ್ಧಕದಲ್ಲಿ ಮಾಡಿದ ಪ್ರಕಟಣೆ (ಎಲ್ಲರೂ ಕೇಳಿರುತ್ತಾರೆ).
3. ಶ್ರೀಮತಿ ತಾಕ್ ಸುನಿಮ್ ಅವರ ಮೌಖಿಕ ಉತ್ತರ, ಅಂಗಳದಲ್ಲಿ ಹೇಳಿದ್ದು, ಬೀದಿಯ ತುದಿಯವರೆಗೆ ಕೇಳಿಸಿದ್ದು.

ಪ್ರಸ್ತಾವನೆ:

ಗಾಲ್‌ಮೇ ಹಳ್ಳಿಯ ಮಹಿಳೆಯರು ಕೆಂಪು ರಬ್ಬರ್ ಬಾನಿಯಲ್ಲಿ ಅಕ್ಕಿ ತೌಡು, ಹೆಂಡ ಸೋಸಿದ ಗಸಿ, ಒಣಮೀನಿನ ತಲೆ, ಎಲೆಕೋಸಿನ ಹೊರಗಿನ ಎಲೆ, ಕುಟ್ಟಿದ ಸಿಂಪಿ ಚಿಪ್ಪು ಮುಂತಾದವನ್ನು ಬರಿಗೈಯಲ್ಲಿ ಕಲಸಿ, ಭರಣಿಗೆ ತುಂಬಿ, ಬೆಚ್ಚಗಿನ ಕೋಣೆಯಲ್ಲಿ ಕೌದಿ ಹೊದಿಸಿ ಮಲಗಿಸುತ್ತಿರುವುದು ಈ ವಿಭಾಗದ ಗಮನಕ್ಕೆ ಬಂದಿರುತ್ತದೆ. ಸರ್ಕಾರಿ ನೌಕರರಿಗೂ ಸಿಗದ ಈ ಸೌಲಭ್ಯವು ಕೋಳಿಯ ಆಹಾರಕ್ಕೆ ಯಾವ ಆದೇಶದ ಮೇರೆಗೆ ಸಿಗುತ್ತಿದೆ ಎಂಬ ಬಗ್ಗೆ ಕಡತದಲ್ಲಿ ಮಾಹಿತಿ ಇರುವುದಿಲ್ಲ.

ಸದರಿ ವಿಷಯವನ್ನು ವಿಭಾಗದ ಮುಖ್ಯಸ್ಥರಾದ ಶ್ರೀ ಮೇಂಗ್ ಇನ್‌ಸು (ಇನ್ನು ಮುಂದೆ 'ಕೆಳಗೆ ಸಹಿ ಮಾಡಿದವರು') ಖುದ್ದಾಗಿ ಕೈಗೆತ್ತಿಕೊಂಡಿರುತ್ತಾರೆ. ಹಳ್ಳಿಯಲ್ಲಿ ಅತಿ ಹೆಚ್ಚು ಕಲಸುವ ಶ್ರೀಮತಿ ತಾಕ್ ಸುನಿಮ್ ಅವರು ಕೆಳಗೆ ಸಹಿ ಮಾಡಿದವರ ಅತ್ತೆಯಾಗಿರುವುದಕ್ಕೂ ಈ ಸುತ್ತೋಲೆಗೂ ಯಾವುದೇ ಸಂಬಂಧವಿರುವುದಿಲ್ಲ. ಅಳಿಯ ಮನೆಗೆ ಬಂದಾಗ ಅತ್ತೆಯಾದವರು ಗೂಡಿನ ಒಳ್ಳೆಯ ಹೇಂಟೆಯನ್ನು ಕೊಯ್ದು ಬಡಿಸುವ ಪದ್ಧತಿ ಈ ಸೀಮೆಯಲ್ಲಿ ಎಲ್ಲರಿಗೂ ತಿಳಿದದ್ದೇ. ಮದುವೆಯಾದಾಗಿನಿಂದ ಕೆಳಗೆ ಸಹಿ ಮಾಡಿದವರಿಗೆ ಬೇಯಿಸಿದ ಮೊಟ್ಟೆಯನ್ನು ಮಾತ್ರ ಬಡಿಸಿರುವುದಕ್ಕೂ ಸುತ್ತೋಲೆಗೂ ಸಂಬಂಧವಿರುವುದಿಲ್ಲ. ಕಳೆದ ಚುಸೋಕ್ ಸುಗ್ಗಿ ಹಬ್ಬದಲ್ಲಿ ಕಿರಿಯ ಮಗಳ ಗಂಡ, ಲಾರಿ ಓಡಿಸುವ ಶ್ರೀ ಬಾಂಗ್ ದುಶಿಕ್ ಅವರು ಬಾಗಿಲಿಗೆ ಬಂದ ಕೂಡಲೇ ಹೇಂಟೆ ಕೊಯ್ದು, ಬೆಳ್ಳುಳ್ಳಿ ತುಂಬಿಸಿ ಬೇಯಿಸಿ, ಎರಡೂ ತೊಡೆಗಳನ್ನು ಷಡ್ಡಕರ ತಟ್ಟೆಗೇ ಹಾಕಿರುವುದಕ್ಕೆ ಮಾತ್ರ ಅಲ್ಪಸ್ವಲ್ಪ ಸಂಬಂಧವಿರುತ್ತದೆ.

ಇದರ ನಡುವೆ, ಬರುವ ಶನಿವಾರ ಮಾವನವರ ತಿಥಿ ಇರುತ್ತದೆ. ಗಂಡುಮಕ್ಕಳಿಲ್ಲದ ಆ ಮನೆಯಲ್ಲಿ ಎಡೆಯ ಮುಂದೆ ಮೊದಲ ಬಟ್ಟಲು ಹೆಂಡ ಎರೆಯುವುದು ಹಿರಿಯ ಅಳಿಯನ ಹಕ್ಕು. ಉಲ್ಲೇಖ (2)ರ ಪ್ರಕಟಣೆಯಲ್ಲಿ ಆ ಹಕ್ಕನ್ನು ಈ ಬಾರಿ ಕಿರಿಯ ಅಳಿಯನಿಗೆ ವರ್ಗಾಯಿಸಲಾಗಿದೆ. ಆ ಬಟ್ಟಲು ಕೈತಪ್ಪಿದರೆ ಕೆಳಗೆ ಸಹಿ ಮಾಡಿದವರು ಆ ಮನೆಯಲ್ಲಿ ಇನ್ನು ಮುಂದೆ ನೆಂಟರ ಸಾಲಿನಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಕೂರಬೇಕಾಗುತ್ತದೆ. ವರ್ಗಾವಣೆಗೆ ಕಾರಣವಾದ ಘಟನೆಯನ್ನು ಖಂಡಿಕೆ 7ರಲ್ಲಿ ವಿವರಿಸಲಾಗಿದೆ. ಅದಕ್ಕೂ ಮೊದಲು ನಿಯಮಗಳನ್ನು ಓದತಕ್ಕದ್ದು.

ಮೇಲ್ಕಂಡ ಹಿನ್ನೆಲೆಯಲ್ಲಿ ಎಲ್ಲ ಸಂಬಂಧಪಟ್ಟವರಿಗೆ ಈ ಮೂಲಕ ಸೂಚಿಸುವುದೇನೆಂದರೆ:

1. 'ಕಲಸು' ಎಂದರೆ ಕೋಳಿಗಾಗಿ ಕಲಸಿದ್ದು. ಮನುಷ್ಯರಿಗಾಗಿ ಕಲಸಿ, ರುಚಿ ಕೆಟ್ಟ ಕಾರಣ ಕೋಳಿಗೆ ಹಾಕಿದ್ದನ್ನು 'ಅಡುಗೆ' ಎಂದೇ ಪರಿಗಣಿಸಲಾಗುವುದು. ಅದು ಈ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ, ಮನೆಯವರು ತಮ್ಮತಮ್ಮಲ್ಲೇ ಬಗೆಹರಿಸಿಕೊಳ್ಳತಕ್ಕದ್ದು.

2. ಕಣ್ಣಂದಾಜು, ಕೈಅಂದಾಜು ಮತ್ತು 'ಸಾಕು ಬಿಡು' ಎಂಬ ಅಳತೆಗಳನ್ನು ರದ್ದುಪಡಿಸಲಾಗಿದೆ. ಈ ಬಗ್ಗೆ ವಿಚಾರಿಸಲಾಗಿ ಶ್ರೀಮತಿ ಸುನಿಮ್ ಅವರು, "ಅಳತೆ ಏನ್ ಬಂತು ಅಳಿಯಂದ್ರೇ? ಹಿಡಿ ತಗೊಂಡು ಹಿಂಡಿದ್ರೆ ಉಂಡೆ ನಿಲ್ಬೇಕು, ಬೆರಳು ತಾಗ್ಸಿದ್ರೆ ಉದುರ್ಬೇಕು. ಕೈ ಹಾಕಿ ನೋಡಿ, ನಿಮ್ಗೇ ಗೊತ್ತಾಗತ್ತೆ" ಎಂದು ತಿಳಿಸಿರುತ್ತಾರೆ. ಕೆಳಗೆ ಸಹಿ ಮಾಡಿದವರು ಅಂದು ಬಿಳಿ ಅಂಗಿ ಧರಿಸಿದ್ದುದರಿಂದ ಕೈ ಹಾಕಿರುವುದಿಲ್ಲ. ಬದಲಿಗೆ ತಮ್ಮ ಮುಷ್ಟಿಯನ್ನೇ ಹೋಬಳಿಯ ಅಧಿಕೃತ ಮುಷ್ಟಿಯೆಂದು ಘೋಷಿಸಿರುತ್ತಾರೆ. ಅದರ ಸುಣ್ಣದ ಅಚ್ಚನ್ನು ಕಚೇರಿಯ ಹೊರಗೆ ಇರಿಸಲಾಗಿದೆ. ಅದಕ್ಕೆ ಯಾರೋ ಮೂಗು, ಮೀಸೆ ಬರೆದಿದ್ದು, ವಿಚಾರಣೆ ಪ್ರಗತಿಯಲ್ಲಿರುತ್ತದೆ.

3. ಆಹಾರವು ಅನುಮೋದನೆಗೊಳ್ಳುವವರೆಗೆ ಕೋಳಿಗಳು ಕೊಕ್ಕು ಹಾಕತಕ್ಕದ್ದಲ್ಲ. ಹುಂಜಗಳಿಗೆ ಇದನ್ನು ಪ್ರತ್ಯೇಕವಾಗಿ ಮನವರಿಕೆ ಮಾಡಿಕೊಡುವುದು.

4. ಎಲೆಕೋಸಿನ ಹೊರ ಎಲೆಗಳ ಪೈಕಿ ಸಾರಿಗೆ ಒಣಹಾಕುವಂಥವನ್ನು ಕೋಳಿಗೆ ಹಾಕುವಂತಿಲ್ಲ. ಕೋಳಿಗೆ ಹಾಕುವಂಥವನ್ನು ಸಾರಿಗೆ ಹಾಕುವಂತಿಲ್ಲ. ಎರಡಕ್ಕೂ ಆಗುವಂತಹ ಎಲೆಯನ್ನು ವಿವಾದಿತ ಎಲೆಯೆಂದು ಘೋಷಿಸಿ ಕಚೇರಿಗೆ ಒಪ್ಪಿಸತಕ್ಕದ್ದು. ಪ್ರಸ್ತುತ ಕಚೇರಿಯಲ್ಲಿ ಅಂತಹ ಎಲೆಗಳ ರಾಶಿ ಬಿದ್ದಿದ್ದು, ಕಡತಗಳಿಗೆ ಜಾಗ ಸಾಲದಾಗಿದೆ, ಸಿಬ್ಬಂದಿಯೂ ಮೂಗು ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದಾರೆ.

5. ಸಿಂಪಿ ಚಿಪ್ಪು ಕುಟ್ಟುವ ಸದ್ದು ಕಚೇರಿಯ ಮಧ್ಯಾಹ್ನದ ನಿದ್ರೆಗೆ, ಅಂದರೆ ಚಿಂತನೆಗೆ, ಭಂಗ ತರುತ್ತಿದೆ. ಇನ್ನು ಮುಂದೆ ಸದ್ದಿಲ್ಲದೆ ಕುಟ್ಟತಕ್ಕದ್ದು.

6. ಕಲಸುವಾಗ ಅಳಿಯಂದಿರ ಕುರಿತು ಮಾತನಾಡುವುದನ್ನು ನಿಷೇಧಿಸಲಾಗಿದೆ. ಕಿರಿಯ ಅಳಿಯಂದಿರನ್ನು ಹೊಗಳುವುದನ್ನು ವಿಶೇಷವಾಗಿ ನಿಷೇಧಿಸಲಾಗಿದೆ. "ನಮ್ ದುಶಿಕ್ ಕಲಸಿದ್ರೆ ಕೋಳಿ ದಿನಕ್ಕೆರಡ್ ಸಲ ಮೊಟ್ಟೆ ಇಡತ್ತೆ ಕಣ್ರೇ" ಎಂಬಂತಹ, ವೈಜ್ಞಾನಿಕ ಆಧಾರವಿಲ್ಲದ ಹೇಳಿಕೆಗಳನ್ನು ಗಂಭೀರವಾಗಿ ಪರಿಗಣಿಸಲಾಗುವುದು.

7. ಮೇಲಿನ ನಿಯಮಗಳು ಪಾಲನೆಯಾಗುತ್ತಿವೆಯೇ ಎಂದು ನೋಡಲು ಕೆಳಗೆ ಸಹಿ ಮಾಡಿದವರು ಗುಮಾಸ್ತೆ ಕುಮಾರಿ ಯೋಮ್ ದಾಬಿನ್ ಅವರೊಂದಿಗೆ ಸೋಮವಾರ ಅತ್ತೆಯವರ ಮನೆಗೆ ದಿಢೀರ್ ಭೇಟಿ ನೀಡಿದರು. ಅತ್ತೆಯವರು ಆ ಹೊತ್ತಿನಲ್ಲಿ ಪಕ್ಕದ ಮನೆಗೆ ಕಿಮ್ಚಿ ಹಾಕಿಕೊಡಲು ಹೋಗಿದ್ದರು. ಬೆಚ್ಚಗಿನ ಕೋಣೆಯ ಮೂಲೆಯಲ್ಲಿ ಕೌದಿ ಹೊದೆದು ಗುಳುಗುಳು ಸದ್ದು ಮಾಡುತ್ತಿದ್ದ ಭರಣಿಯೊಂದು ಪತ್ತೆಯಾಯಿತು. ಗುಮಾಸ್ತೆಯವರು, "ಸಾರ್, ಮುಚ್ಚಳ ತೆಗೆದು ಒಂದ್ಸಲ ನೋಡೋಣ್ವಾ?" ಎಂದು ಸಲಹೆ ನೀಡಿದ್ದು, "ವಾಸನೆ ಬರ್ತಿಲ್ವೇನಮ್ಮ ನಿಂಗೆ? ಕೋಳಿದೇ ಅದು. ಹಾಕು ಸೀಲ್‌ನ" ಎಂದು ಕರವಸ್ತ್ರದ ಒಳಗಿನಿಂದ ಆದೇಶಿಸಲಾಯಿತು. ಭರಣಿಯನ್ನು ಕೌದಿಸಮೇತ ಜಪ್ತಿ ಮಾಡಿ ಜಿಲ್ಲಾ ಪ್ರಯೋಗಾಲಯಕ್ಕೆ ಕಳುಹಿಸಲಾಯಿತು.

ಪ್ರಯೋಗಾಲಯದ ವರದಿ ಮರುದಿನವೇ ಬಂದಿರುತ್ತದೆ. ಸರ್ಕಾರಿ ಪ್ರಯೋಗಾಲಯವೊಂದು ಇಷ್ಟು ಬೇಗ ಉತ್ತರಿಸಿದ್ದು ಇದೇ ಮೊದಲು. ಅದರ ಸಾರಾಂಶ: 'ಮಾದರಿಯನ್ನು ಸಿಬ್ಬಂದಿಯವರೆಲ್ಲ ಸೇರಿ ಕೂಲಂಕಷವಾಗಿ ಪರೀಕ್ಷಿಸಿದ್ದು, ಮಾದರಿಯು ಮುಗಿದಿರುತ್ತದೆ. ನಿಮ್ಮ ಹೋಬಳಿಯ ಕೋಳಿಗಳು ಪುಣ್ಯ ಮಾಡಿರುತ್ತವೆ. ದೃಢೀಕರಣಕ್ಕಾಗಿ ಇನ್ನೊಂದು ಭರಣಿಯನ್ನು, ಸಾಧ್ಯವಾದರೆ ಕರಿದ ಮೀನಿನೊಂದಿಗೆ, ತುರ್ತಾಗಿ ಕಳುಹಿಸಿಕೊಡಲು ಕೋರಿದೆ.'

8. ಜಪ್ತಿಯಾದ ಭರಣಿಯಲ್ಲಿ ಇದ್ದದ್ದು ಕೋಳಿಯ ಆಹಾರವಲ್ಲ, ಮಾವನವರ ತಿಥಿಗೆಂದು ಅತ್ತೆಯವರು ಹಾಕಿಟ್ಟಿದ್ದ ಅಕ್ಕಿ ಹೆಂಡ ಎಂಬುದು ಹೀಗೆ ಸಾಬೀತಾಗಿರುತ್ತದೆ. ಎರಡನ್ನೂ ಒಂದೇ ಬಗೆಯ ಭರಣಿಯಲ್ಲಿ, ಒಂದೇ ಬಗೆಯ ಕೌದಿಯಡಿ ಹುದುಗಿಸುವುದು ಇಲ್ಲಿನ ವಾಡಿಕೆ. ಮೂಗು ಮುಚ್ಚಿಕೊಳ್ಳದೆ ಹೋದ ಯಾರಿಗಾದರೂ ವ್ಯತ್ಯಾಸ ಬಾಗಿಲಲ್ಲೇ ತಿಳಿಯುತ್ತದೆ. ಕೆಳಗೆ ಸಹಿ ಮಾಡಿದವರ ಪತ್ನಿಯವರು ವರದಿ ಬಂದ ಸಂಜೆ ನೀಡಿದ ಹೇಳಿಕೆ: "ನಮ್ಮಪ್ಪನ ತಿಥಿ ಹೆಂಡಾನ ಹೊತ್ಕೊಂಡ್ ಹೋಗಿ ಯಾರ್ಯಾರಿಗೋ ಕುಡಿಸಿದ್ರಲ್ರೀ! ಥೂ, ಯಾವ ಮುಖ ಇಟ್ಕೊಂಡು ನಾನು ತವರಿಗೆ ಹೋಗ್ಲಿ?" ಅಂದಿನಿಂದ ಊಟದ ವಿಷಯದಲ್ಲಿ ಕೆಳಗೆ ಸಹಿ ಮಾಡಿದವರು ಸ್ವಾವಲಂಬಿಗಳಾಗಿರುತ್ತಾರೆ.

ಮರುದಿನ ಬೆಳಗ್ಗೆ ಗ್ರಾಮದ ಮುಖ್ಯಸ್ಥರು ಧ್ವನಿವರ್ಧಕದಲ್ಲಿ, "ಗಾಲ್‌ಮೇ ಜನರ ಗಮನಕ್ಕೆ. ನಮ್ ಸುನಿಮಮ್ಮನ ಮನೆ ಹೆಂಡ ಸರ್ಕಾರದ ಪಾಲಾಗಿದೆ. ಈಗ ಹೊಸದು ಹಾಕಿದ್ರೆ ಶನಿವಾರಕ್ಕೆ ಆಗಲ್ಲ. ಯಾರ ಮನೇಲಾದ್ರೂ ಹಾಕಿಟ್ಟಿದ್ರೆ ಒಂದ್ ತಂಬಿಗೆ ಕೊಡ್ರಪ್ಪಾ. ಮೊದಲ ಬಟ್ಟಲು ಈ ಸಲ ಕಿರಿ ಅಳಿಯ ಎರೀತಾನಂತೆ. ಹಿರಿ ಅಳಿಯನ್ನ ಕಂಡ್ರೆ ಯಾರೂ ನಗ್ಬೇಡಿ, ಪಾಪ" ಎಂದು ಪ್ರಕಟಿಸಿರುತ್ತಾರೆ. ಮನೆಮನೆಯಿಂದ ತಂಬಿಗೆಗಳು ಬಂದಿರುತ್ತವೆ. ನಗಬೇಡಿ ಎಂಬ ಭಾಗವನ್ನು ಯಾರೂ ಪಾಲಿಸಿರುವುದಿಲ್ಲ.

9. ನಷ್ಟವನ್ನು ಸರಿದೂಗಿಸುವ ಸಲುವಾಗಿ ಕೆಳಗೆ ಸಹಿ ಮಾಡಿದವರು ನಿನ್ನೆ ಅಂಗಡಿಯಿಂದ ಅತಿ ದುಬಾರಿ ಹೆಂಡದ ಬಾಟಲಿ ಕೊಂಡು ಅತ್ತೆಯವರ ಅಂಗಳಕ್ಕೆ ಹೋಗಿದ್ದರು. ಅತ್ತೆಯವರು ಬಾನಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಮೊಣಕೈವರೆಗೆ ತೌಡಿನಲ್ಲಿದ್ದರು. ಅವರ ಉತ್ತರವನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

"ಬಾಟ್ಲಿ ಬೇಡ ಅಳಿಯಂದ್ರೇ, ತಗೊಂಡ್ಹೋಗಿ. ಆ ಮನುಷ್ಯ ಬದುಕಿದ್ದಾಗ ನನ್ ಕೈಯಾರೆ ಮಾಡಿದ್ದು ಬಿಟ್ಟು ಇನ್ನೊಂದು ಮುಟ್ಟಿದೋರಲ್ಲ. ತಪ್ಪು ಯಾರಿಗ್ ಆಗಲ್ಲ, ಹೇಳಿ? ಭರಣಿ ಹೋಯ್ತು ಅಂತ ನಂಗೆ ಬೇಜಾರಿಲ್ಲ. ಇಷ್ಟ್ ವರ್ಷ ಈ ಮನೇಗ್ ಬಂದ್ರೂ, ಕೋಳಿದು ಯಾವ್ದು ನಿಮ್ ಮಾವಂದು ಯಾವ್ದು ಅಂತ ಗೊತ್ತಾಗ್ಲಿಲ್ವಲ್ಲ, ಅದಕ್ಕೆ ಹೊಟ್ಟೆ ಉರಿಯತ್ತೆ. ಬಂದಾಗಲೆಲ್ಲ ಮೂಗಿಗ್ ಕರ್ಚೀಫು, ಬಾಯಲ್ಲಿ ರೂಲ್ಸು. ದುಶಿಕ್ ಬಂದೋನೇ ತೋಳ್ ಮಡಚಿ ಬಾನಿಗ್ ಕೈ ಹಾಕ್ದ. ನಾನು ಕೋಳಿ ಕೊಯ್ಯೋದು ಅಳಿಯಂಗೆ. ಸಾಹೇಬ್ರಿಗೆ ಮೊಟ್ಟೆ ಸಾಕು."

ಬಾಟಲಿಯನ್ನು ಹಿಂದಕ್ಕೆ ಒಯ್ಯಲಾಗಿದೆ. ಕೆಳಗೆ ಸಹಿ ಮಾಡಿದವರಿಗೆ ನಾಚಿಕೆಯಾಗಿರುತ್ತದೆ. ನಾಚಿಕೆಗೆ ಈ ಇಲಾಖೆಯಲ್ಲಿ ಪ್ರತ್ಯೇಕ ಶೀರ್ಷಿಕೆ ಇಲ್ಲದ ಕಾರಣ ಅದನ್ನು 'ಇತರೆ' ಎಂಬುದರಡಿ ತೋರಿಸಲಾಗಿದೆ.

10. ಆದುದರಿಂದ, ಖಂಡಿಕೆ 2ರಿಂದ 6ರವರೆಗಿನ ನಿಯಮಗಳನ್ನು ತಕ್ಷಣದಿಂದ ಹಿಂಪಡೆಯಲಾಗಿದೆ. ವಿವಾದಿತ ಎಲೆಗಳನ್ನು ವಾರಸುದಾರರು ಒಯ್ಯಬಹುದು. ಅಧಿಕೃತ ಮುಷ್ಟಿಯನ್ನು ಕುಟ್ಟಿ ಪುಡಿ ಮಾಡಲಾಗಿದೆ.

11. ಕೆಳಗೆ ಸಹಿ ಮಾಡಿದವರು ನಾಳೆ ಶುಕ್ರವಾರ ರಜೆಯ ಮೇಲಿದ್ದು, ಹಳೆಯ ಅಂಗಿ ತೊಟ್ಟು, ಕರವಸ್ತ್ರವಿಲ್ಲದೆ ಅತ್ತೆಯವರ ಅಂಗಳದಲ್ಲಿ ಹಾಜರಾಗಿ ಬಾನಿಗೆ ಕೈ ಹಾಕಲಿದ್ದಾರೆ. ಉಂಡೆ ನಿಲ್ಲುವವರೆಗೆ ಎದ್ದು ಹೋಗುವುದಿಲ್ಲ. ನೋಡಲು ಬರುವವರು ಬೇಲಿಯ ಹೊರಗೆ ನಿಲ್ಲತಕ್ಕದ್ದು. ನಗಲು ಪೂರ್ವಾನುಮತಿ ಅಗತ್ಯವಿಲ್ಲ.

12. ಇದಕ್ಕೆ ಪ್ರತಿಯಾಗಿ ಯಾವುದೇ ಹೇಂಟೆಯನ್ನು ಕೊಯ್ಯಬೇಕೆಂಬ ಒತ್ತಾಯವಿರುವುದಿಲ್ಲ. ಕೊಯ್ದೇಬಿಟ್ಟಲ್ಲಿ ತೊಡೆಯ ಬಗ್ಗೆ ಆಗ ಪರಿಶೀಲಿಸಲಾಗುವುದು.

13. ಶನಿವಾರ ಮೊದಲ ಬಟ್ಟಲನ್ನು ಶ್ರೀ ಬಾಂಗ್ ದುಶಿಕ್ ಅವರೇ ಎರೆಯಲು ಆಕ್ಷೇಪಣೆ ಇರುವುದಿಲ್ಲ. ಆಕ್ಷೇಪಣೆ ಇರುತ್ತದೆ, ಸಲ್ಲಿಸುತ್ತಿಲ್ಲ.

ಸಹಿ/-
(ಮೇಂಗ್ ಇನ್‌ಸು)
ಮುಖ್ಯಸ್ಥರು, ಹಿತ್ತಲ ಕೋಳಿ ಮತ್ತು ಕಲಸಿದ ಆಹಾರ ವಿಭಾಗ
(ಶುಕ್ರವಾರ, ಶನಿವಾರಗಳಂದು: ಅಳಿಯ)

ಪ್ರತಿಗಳು:

1. ಶ್ರೀ ಓಕ್ ಛುನ್‌ಬೇ, ಗ್ರಾಮದ ಮುಖ್ಯಸ್ಥರು: ಧ್ವನಿವರ್ಧಕದಲ್ಲಿ ಓದದಿರುವ ಕೋರಿಕೆಯೊಂದಿಗೆ. ಹೇಗಿದ್ದರೂ ಓದುವವರಾದ್ದರಿಂದ ನಿಧಾನವಾಗಿ ಓದತಕ್ಕದ್ದು.

2. ಜಿಲ್ಲಾ ಪ್ರಯೋಗಾಲಯ: ಎರಡನೇ ಭರಣಿ ಇರುವುದಿಲ್ಲ. ಮೊದಲನೆಯದನ್ನೂ ಕೌದಿಯನ್ನೂ ತೊಳೆದು ಹಿಂತಿರುಗಿಸುವುದು.

3. ಶ್ರೀ ಬಾಂಗ್ ದುಶಿಕ್: ಮಾಹಿತಿಗಾಗಿ.

4. ಕುಮಾರಿ ಯೋಮ್ ದಾಬಿನ್: ಇನ್ನು ಮುಂದೆ ಮುಚ್ಚಳ ತೆಗೆಯಲು ಇವರ ಮಾತೇ ಅಂತಿಮ.

5. ಪತ್ನಿಯವರಿಗೆ: ಅಡುಗೆಮನೆಯ ಬಾಗಿಲ ಸಂದಿಯಿಂದ ತಳ್ಳಲಾಗಿದೆ.

6. ಅತ್ತೆಯವರಿಗೆ: ಕೈಯಲ್ಲಿ ತೌಡಿದ್ದರೆ ಬೇರೆಯವರಿಂದ ಓದಿಸಿ ಕೇಳತಕ್ಕದ್ದು.

7. ದಿವಂಗತ ಶ್ರೀ ಕು ದಾಲ್‌ಸು, ಮಾವನವರು: ತಿಥಿಯಲ್ಲಿ ಸತ್ತವರಿಗೆ ಬರೆಯುವ ವಾಡಿಕೆಯ ಓಲೆಯಂತೆ ಈ ಪ್ರತಿಯನ್ನು ಶನಿವಾರ ಎಡೆಯ ಮುಂದೆ ಮೊಣಕಾಲೂರಿ ಓದಿ ಸುಡಲಾಗುವುದು. ಮಾವ, ಭರಣಿ ಹೊತ್ಕೊಂಡ್ ಹೋದೋನು ನಾನೇ. ಊರೋರು ತಂಬಿಗೆ ತಂಬಿಗೆ ತಂದು ಸೇರಿಸಿದ್ದಾರೆ, ಒಂದೊಂದು ಒಂದೊಂದ್ ರುಚಿ ಇರತ್ತೆ, ಬೇಜಾರ್ ಮಾಡ್ಕೋಬೇಡಿ, ಕುಡೀರಿ.

8. ಕಚೇರಿ ಪ್ರತಿ: ಇರುವುದಿಲ್ಲ.