ಅತ್ತೆಯವರನ್ನು ಮಣ್ಣಿನಲ್ಲಿ ಮಾಡಿದ್ದು

ನನ್ನ ಹೆಸರು ಚೇತನ. ಇಂಥ ಹೆಸರಿಟ್ಟುಕೊಂಡು ಈ ಪರದೇಶದಲ್ಲಿ, ಸೈಬರ್‌ಜಯಾದ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೊಳೆಯುವುದು ನಾಡಿಗೆ ನಾನು ಮಾಡುತ್ತಿರುವ ಮಹಾದ್ರೋಹ ಎಂದು ಒಂದು ಭಾನುವಾರ ಬೆಳಗ್ಗೆ ಹೊಳೆದುಬಿಟ್ಟಿತು! ಸುಬಾಂಗ್ ಜಯಾದ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಜೇಡಿಮಣ್ಣಿನಲ್ಲಿ ಮನುಷ್ಯಾಕೃತಿ ಮಾಡಲು ಕಲಿಸುವ ಒಂದು ಸ್ಟುಡಿಯೋ ಇತ್ತು. ಕಾಫಿ ಲೋಟ ಕೆಳಗಿಟ್ಟು ಘೋಷಿಸಿದೆ:

"ಭವ್ಯಾ, ಇನ್ನು ನಾನು ಶಿಲ್ಪಿ. ಮಣ್ಣಿಗೆ ಜೀವ ತುಂಬ್ತೀನಿ!"

ನನ್ನ ಹೆಂಡತಿ ಭವ್ಯಶ್ರೀ ದೋಸೆ ಮಗುಚುತ್ತಾ ಹೇಳಿದಳು: "ಮೊದ್ಲು ಆ ಕರಿಬೇವಿನ ಕುಂಡಕ್ಕೆ ನೀರು ಹಾಕಿ. ಅದೂ ಮಣ್ಣೇ. ಇದ್ದ ಜೀವಾನೂ ಹೋಗ್ತಾ ಇದೆ."

"ಅಪ್ಪಾ, ಯು ಕಾಂಟ್ ಈವನ್ ಮೇಕ್ ಅ ಚಪಾತಿ ರೌಂಡ್ ಲಾ!" ಎಂದಳು ಮಗಳು ವಿಸ್ಮಯಾ, ಈ ಊರಿನವರಂತೆ ಕೊನೆಗೊಂದು 'ಲಾ' ಸೇರಿಸಿ.

ಕಲಾವಿದರನ್ನು ಮನೆಯವರು ಎಂದು ತಾನೇ ಅರ್ಥ ಮಾಡಿಕೊಂಡಿದ್ದಾರೆ! ಹೋಗಿ ಸೇರಿಯೇಬಿಟ್ಟೆ.

ಕಲಿಸುವವರು ಮೇಡಂ ಯಾಪ್. ಬೆಳ್ಳಗಿನ ಬಾಬ್ ಕೂದಲು, ಮೊಳಕೈವರೆಗೆ ಮಣ್ಣು, ಮಾತು ಬಹಳ ಕಡಿಮೆ. ಮೊದಲು ತಂತಿಯ ಅಸ್ಥಿಪಂಜರ ಕಟ್ಟಿ, ಅದರ ಮೇಲೆ ಮಣ್ಣು ಮೆತ್ತಬೇಕೆಂದು ಹೇಳಿಕೊಟ್ಟರು. ತಂತಿ ಎಲ್ಲ ದುರ್ಬಲರಿಗೆ ಎಂದುಕೊಂಡ ನಾನು ನೇರ ಮಣ್ಣಿನಲ್ಲೇ ಒಬ್ಬ ಪೈಲ್ವಾನನನ್ನು ನಿಲ್ಲಿಸಿದೆ. ಏನು ಎದೆ! ಏನು ತೊಡೆ! ನೋಡುತ್ತಿದ್ದಂತೆ ಪೈಲ್ವಾನ ಮೆಲ್ಲಗೆ ಮಂಡಿಯೂರಿದ. ಆಮೇಲೆ ಸೊಂಟ ಬಗ್ಗಿಸಿದ. ಕೊನೆಗೆ ನನ್ನ ಕಾಲ ಬುಡದಲ್ಲೇ ಸಾಷ್ಟಾಂಗ ಬಿದ್ದ. ಸೃಷ್ಟಿಕರ್ತನಿಗೆ ಸೃಷ್ಟಿ ತೋರಿಸಿದ ಗೌರವ ಎಂದೇ ನಾನು ಭಾವಿಸಿದೆ.

ಮೇಡಂ ಯಾಪ್ ಬಂದು ನೋಡಿದರು. "ಮುಂದಿನ ಸಲ ಮಲಗಿರೋ ಮನುಷ್ಯನ್ನ ಮಾಡು ಲಾ. ಅಡಿ ಉದ್ದ ಸಾಕು. ಮಲಗಿರೋನು ಇನ್ನೆಲ್ಲಿಗೆ ಬೀಳ್ತಾನೆ?"

ಮಲಗಿರುವ ಮಾಡೆಲ್ ಬೇಕಲ್ಲ! ಭವ್ಯಳನ್ನು ಕೇಳಿದೆ. "ನನ್ನ ಸೊಂಟದ ಅಳತೆ ನೀವು ಊರಿಗೆಲ್ಲ ತೋರಿಸೋದು ಬೇಡ," ಎಂದಳು. ವಿಸ್ಮಯಾ ನಿದ್ದೆಯಲ್ಲೂ ಒಂದು ಕಡೆ ಇರುವವಳಲ್ಲ. ಉಳಿದವರು ನಮ್ಮ ಅತ್ತೆ ಸರೋಜಮ್ಮನವರು. ಮೈಸೂರಿನಿಂದ ಕೆಲವು ದಿನಗಳಿಗೆಂದು ನಮ್ಮ ಮನೆಗೆ ಬಂದಿದ್ದರು. ನಾವು ಆಫೀಸು, ಸ್ಕೂಲು ಎಂದು ಹೊರಟರೆ ಮನೆಯಲ್ಲಿ ಅವರೂ ಫ್ರಿಜ್ಜೂ ಇಬ್ಬರೇ. "ನಿಮ್ಮ ಫ್ರಿಜ್ ಪರ್ವಾಗಿಲ್ಲ ಅಳಿಯಂದ್ರೆ, ಆಗಾಗ ಗುರ್ ಅನ್ನುತ್ತೆ. ಈ ಬೀದಿ ಜನ ಅಷ್ಟೂ ಮಾತಾಡಲ್ಲ," ಎನ್ನುತ್ತಿದ್ದರು. ಊಟ ಮುಗಿಸಿ ದಿವಾನದ ಮೇಲೆ ಅಂಗಾತ ಮಲಗಿದರೆಂದರೆ ಮಧ್ಯಾಹ್ನವೆಲ್ಲ ಒಂದು ಬೆರಳೂ ಅಲುಗದು. ಇದಕ್ಕಿಂತ ಒಳ್ಳೆಯ ಮಾಡೆಲ್ ಪ್ಯಾರಿಸ್ಸಿನಲ್ಲೂ ಸಿಗಲಿಕ್ಕಿಲ್ಲ!

"ಅತ್ತೆ, ನಿಮ್ಮನ್ನ ಮಣ್ಣಲ್ಲಿ ಮಾಡ್ಲಾ?"

"ಮಾಡಿ. ನಾನು ಮಲಗಿರೋದಷ್ಟೇ ತಾನೆ? ಆದ್ರೆ ಮೂಗು ನೆಟ್ಟಗೆ ಬರ್ಲಿ. ನಮ್ಮ ತಾಯಿ ಮನೆ ಮೂಗು ಇದು."

ಅಡಿ ಉದ್ದವಂತೆ! ಸರೋಜಮ್ಮನವರೇನು ಕೀಲಿಗೊಂಬೆಯೇ? ನಿಜವಾದ ಅಳತೆಯಲ್ಲೇ ಮಾಡುವುದೆಂದು ತೀರ್ಮಾನಿಸಿ ಕಾರಿನ ತುಂಬ ಮಣ್ಣಿನ ಚೀಲ ತಂದೆ. ಕಾರು ನಿಲ್ಲಿಸುವ ಪೋರ್ಚಿನಲ್ಲಿ ಹಳೆಯ ಹಲಗೆ ಹಾಸಿ ಕೆಲಸ ಶುರುಮಾಡಿದೆ. ತಲೆ, ಕತ್ತು, ಎದೆ, ಹೊಟ್ಟೆ ಬರುವಷ್ಟರಲ್ಲಿ ಮಣ್ಣು ಖಾಲಿ! ಕಾಲುಗಳನ್ನು ಆಮೇಲೆ ಬೇರೆಯಾಗಿ ಮಾಡಿ ಅಂಟಿಸಿದರಾಯಿತೆಂದು ಆ ಜಾಗಕ್ಕೆ ದಿಂಬು ಜೋಡಿಸಿದೆ. ತಾಯಿ ಮನೆ ಮೂಗು ಕುಸಿಯಬಾರದೆಂದು ಹೊಳ್ಳೆಗಳಿಗೆ ಹತ್ತಿ ತುರುಕಿದೆ. ಈ ಊರಿನ ಸೆಕೆಗೆ ಮಣ್ಣು ಬಿರುಕು ಬಿಡಬಾರದೆಂದು ನನ್ನ ಬಿಳಿ ಪಂಚೆ ಒದ್ದೆ ಮಾಡಿ ತಲೆಯಿಂದ ಕಾಲವರೆಗೂ ಹೊದಿಸಿದೆ. ಮಣ್ಣು ಚರಂಡಿ ವಾಸನೆ ಹೊಡೆಯುತ್ತಿದೆ ಎಂದು ಭವ್ಯ ಗೊಣಗಿದ್ದಕ್ಕೆ ತಲೆಯ ಹತ್ತಿರ ಒಂದು ಕಟ್ಟು ಊದುಬತ್ತಿ ಹಚ್ಚಿಟ್ಟೆ.

ಬೀದಿಯಿಂದ ನೋಡಿದವರಿಗೆ ಇದು ಹೇಗೆ ಕಾಣಬಹುದೆಂಬ ಯೋಚನೆ, ದೇವರಾಣೆ, ನನಗೆ ಬರಲಿಲ್ಲ!

ಆಕೃತಿಯನ್ನು ಭಟ್ಟಿಯಲ್ಲಿ ಸುಡಲು ಒಯ್ಯುವುದಕ್ಕೆ ಶನಿವಾರ ಸಂಜೆ ಸ್ಟುಡಿಯೋದ ವ್ಯಾನು ಬರುವುದಿತ್ತು. ಅವತ್ತು ಭವ್ಯ ತಾಯಿಯನ್ನೂ ಮಗಳನ್ನೂ ಕರೆದುಕೊಂಡು ಮಾಲ್‌ಗೆ ಹೋಗಿದ್ದಳು. ನಾನು ಹಲಗೆಯ ಪಕ್ಕ ನಿಂತು ಕೈಯ ಮಣ್ಣು ಉಜ್ಜಿಕೊಳ್ಳುತ್ತಿದ್ದಾಗ ಪಕ್ಕದ ಮನೆಯ ವಳ್ಳಿ ಅಕ್ಕ ಗೇಟಿನ ಹತ್ತಿರ ಬಂದರು. ಅವರ ತಮಿಳು, ನನ್ನ ಕನ್ನಡ, ಇಬ್ಬರ ಅರೆಬರೆ ಇಂಗ್ಲಿಷು ಸೇರಿ ನಮ್ಮ ಸಂಭಾಷಣೆ ಹೇಗೋ ನಡೆಯುತ್ತದೆ. ಅವತ್ತು ನಡೆಯದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಅವರ ಕಣ್ಣು ಬಿಳಿ ಪಂಚೆಯ ಮೇಲೆ ನೆಟ್ಟಿತು. "ತಂಬಿ... ಅಮ್ಮಾ?"

"ಹೂಂ ಅಕ್ಕಾ, ಅಮ್ಮಾನೇ! ಬೆಳಗ್ಗೆ ಮುಗೀತು," ಎಂದೆ ಹೆಮ್ಮೆಯಿಂದ. "ತುಂಬಾ ಕಷ್ಟ ಕೊಟ್ರು. ಈಗ ನನಗೆ ನೆಮ್ಮದಿ."

"ಅಯ್ಯೋ ಕಡವುಳೇ! ಅಪ್ಪುರಂ?" ಆಮೇಲೇನೆಂದು ಕೇಳಿದರು.

"ಸಾಯಂಕಾಲ ವ್ಯಾನ್ ಬರುತ್ತೆ. ತಗೊಂಡ್ಹೋಗಿ ಸುಡ್ತಾರೆ. ಅದಕ್ಕೆ ಮೊದ್ಲು ಹೊಟ್ಟೆ ಕುಯ್ದು ಒಳಗಿರೋದೆಲ್ಲ ತೆಗೀಬೇಕು. ಇಲ್ದಿದ್ರೆ ಬೆಂಕಿಯಲ್ಲಿ ಢಮ್ ಅಂತ ಸಿಡಿಯುತ್ತೆ!"

ವಳ್ಳಿ ಅಕ್ಕ ಸೆರಗು ಬಾಯಿಗೊತ್ತಿಕೊಂಡು ಓಡಿಯೇ ಹೋದರು. ಕಲೆ ಎಂದರೆ ಹೀಗಿರಬೇಕು, ನೋಡಿದವರ ಕರುಳು ಹಿಂಡಬೇಕು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸ್ವಲ್ಪ ಹೊತ್ತಿಗೆ ಆಫೀಸಿನ ಗೆಳೆಯ, ವಳ್ಳಿ ಅಕ್ಕನಿಗೂ ಪರಿಚಯವಿದ್ದ ರಾಧಾಕೃಷ್ಣನ ಫೋನು. ಅವನ ದನಿ ಯಾಕೋ ಕುಗ್ಗಿತ್ತು.

"ಚೇತನ, ವಳ್ಳಿ ಅಕ್ಕ ಈಗ ಫೋನ್ ಮಾಡಿದ್ರು. ನಿಮ್ಮತ್ತೆ ವಿಷಯ ನಿಜವೇನೋ?"

ನನ್ನ ಕೀರ್ತಿ ಆಗಲೇ ಅವನವರೆಗೂ ತಲುಪಿದೆ! "ನಿಜ ಕಣೋ. ಅತ್ತೇದು ಮಣ್ಣಿನ ಕೆಲಸ. ಇಡೀ ವಾರ ಅದೇ."

"ಮಣ್ಣಾ? ಅವರು ಸುಡೋದು ಅಂದ್ರಲ್ಲ?"

"ಎರಡೂ ಕಣೋ. ಮೊದ್ಲು ಮಣ್ಣು, ಆಮೇಲೆ ಸುಡೋದು."

"ನಿಮ್ಮ ಮನೆತನದ ಪದ್ಧತಿ ನನಗೆ ಗೊತ್ತಿರ್ಲಿಲ್ಲಪ್ಪ. ಧೈರ್ಯ ತಗೋ, ಬಂದೆ," ಎಂದು ಇಟ್ಟುಬಿಟ್ಟ. ಮಣ್ಣಿನ ಕೆಲಸಕ್ಕೆ ಧೈರ್ಯ ಯಾಕೆ ಎಂದು ಯೋಚಿಸುತ್ತಾ ಸ್ನಾನಕ್ಕೆ ಹೋದೆ.

ತಲೆಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯುಟ್ಟು, ಬರಿ ಮೈಯಲ್ಲಿ ಹೊರಗೆ ಬಂದರೆ ಗೇಟಿನ ಬಳಿ ಚಪ್ಪಲಿಗಳ ಗುಡ್ಡೆ! ಪೋರ್ಚಿನ ತುಂಬ ಜನ! ಎಲ್ಲರೂ ನನ್ನ ಒದ್ದೆ ಅವತಾರ ನೋಡಿ ಕರಗಿಹೋದರು. ನಮ್ಮ ಕನ್ನಡ ಕೂಟದ ಅಧ್ಯಕ್ಷ ಚಾಮಯ್ಯನವರು ಧಾವಿಸಿ ಬಂದು ತಬ್ಬಿಕೊಂಡರು. ರಾಧಾಕೃಷ್ಣ, ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ ಎಂದು, ತಮಿಳು ಮುಸ್ಲಿಮರ ಮಮಕ್ ಹೋಟೆಲಿನಿಂದ ಇಡ್ಲಿ ದೋಸೆ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಹಲಗೆಯ ಮೇಲೆ ಹಾರಗಳ ರಾಶಿ.

ಆಗ, ಆಗಷ್ಟೇ ನನಗೆ ಅರ್ಥವಾಯಿತು! ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ವಳ್ಳಿ ಅಕ್ಕ ಪಂಚೆಯ ತುದಿ ಸರಿಸಿ ಮುಖ ನೋಡಿ, "ಅದೇ ಮೂಕ್ಕು! ಅಪ್ಪಡಿಯೇ ಇರುಕ್ಕು!" ಎಂದು ಗೋಳಾಡಿದರು.

ಅದೇ ಮೂಗು! ಹಾಗೇ ಇದೆ! ನನ್ನ ಕಲೆಗೆ ಸಿಕ್ಕಿದ ಮೊಟ್ಟಮೊದಲ ಮೆಚ್ಚುಗೆ! ಇನ್ನೂ ನಾಲ್ಕು ಮಾತು ಕೇಳಿ ಆಮೇಲೆ ಹೇಳಿದರಾಯಿತೆಂದು ಬಾಯಿ ಮುಚ್ಚಿಕೊಂಡೆ. ಚಾಮಯ್ಯನವರು ಗಂಟಲು ಸರಿಮಾಡಿಕೊಂಡು ಭಾಷಣ ಎತ್ತಿಕೊಂಡರು. ಅವರು ನಮ್ಮತ್ತೆಯನ್ನು ಒಮ್ಮೆಯೂ ನೋಡಿದವರಲ್ಲ.

"ಎಂಥಾ ಮಹಾತಾಯಿ! ಆ ನಗು, ಆ ವಾತ್ಸಲ್ಯ! ಅಂಥವರು ನಮ್ಮ ನಡುವೆ..."

ಅಷ್ಟರಲ್ಲಿ ನಮ್ಮ ಕಾರು ಬಂದು ನಿಂತಿತು. ಸರೋಜಮ್ಮನವರು ಹೊಸ ಬೂಟಿನ ಚೀಲ ಹಿಡಿದು ಇಳಿದರು. ಊದುಬತ್ತಿ, ಹಾರ, ಅಳುವ ಜನ ಎಲ್ಲವನ್ನೂ ನೋಡಿ ದನಿ ತಗ್ಗಿಸಿ ಕೇಳಿದರು: "ಯಾರಪ್ಪಾ ಹೋಗಿದ್ದು?"

"ಭವ್ಯಶ್ರೀ ಅವರ ತಾಯಿ ಕಣಮ್ಮಾ," ಎಂದರು ಚಾಮಯ್ಯ ಕಣ್ಣೊರೆಸಿಕೊಂಡು. "ಬನ್ನಿ, ನೀವೂ ದರ್ಶನ ಮಾಡಿ."

ವಳ್ಳಿ ಅಕ್ಕ ತಿರುಗಿ ನೋಡಿ ಕಿರುಚಿದ ಕಿರುಚು ಆಚೆಯ ರೈಲು ಸ್ಟೇಷನ್ನಿಗೂ ಕೇಳಿಸಿರಬೇಕು! ಆ ಕಿರುಚಿಗೆ ಬೆಚ್ಚಿಬಿದ್ದ ಚಾಮಯ್ಯನವರು ಆಧಾರಕ್ಕೆಂದು ಹಲಗೆಯ ಮೇಲೆ ಕೈ ಊರಿದರು. ಕೈ ಮೊಳಕೈವರೆಗೂ ಸರೋಜಮ್ಮನವರ ಮುಖದೊಳಗೆ ಇಳಿಯಿತು. ಎಳೆದರೆ ತಾಯಿ ಮನೆ ಮೂಗೂ ಹತ್ತಿಯೂ ಮುಷ್ಟಿಯಲ್ಲೇ ಬಂದವು.

"ಅಜ್ಜಿ! ಅಂಕಲ್ ಜಸ್ಟ್ ಪಂಚ್ಡ್ ಯು!" ಎಂದಳು ವಿಸ್ಮಯಾ.

ಎಲ್ಲರೂ ನನ್ನತ್ತ ತಿರುಗಿದರು. "ಅದು... ಮಣ್ಣು... ನಾನು ಶಿಲ್ಪ..." ಎಂದೇನೋ ತೊದಲಿದೆ. ರಾಧಾಕೃಷ್ಣ ಇಡ್ಲಿಯ ಪೊಟ್ಟಣ ಎತ್ತಿ ನನ್ನ ಮೇಲೆ ಎಸೆಯುವುದರಲ್ಲಿದ್ದ. ಭವ್ಯಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಬದುಕಿರುವ ತಾಯಿಗೆ ಹಾರ ಹಾಕಿಸಿದ ಗಂಡನಿಗೆ ಯಾವ ಹೆಂಡತಿ ಕ್ಷಮೆ ಕೊಡುತ್ತಾಳೆ? ನಾಳೆಯೇ ಅತ್ತೆ ಕಣ್ಣೀರಿಟ್ಟುಕೊಂಡು ವಿಮಾನ ಹತ್ತುತ್ತಾರೆ, ಅವರ ಹಿಂದೆಯೇ ಇವಳೂ ಹೋಗುತ್ತಾಳೆ ಎಂದುಕೊಳ್ಳುತ್ತಾ ಬಾಗಿಲ ಕಡೆ ಹಿಂದೆ ಸರಿದೆ.

ಸರೋಜಮ್ಮನವರು ಹಲಗೆಯ ಸುತ್ತ ಒಂದು ಸುತ್ತು ಬಂದರು. ಹಾರಗಳನ್ನು ಮುಟ್ಟಿ ನೋಡಿದರು. ಒಂದು ಕುರ್ಚಿ ಎಳೆದುಕೊಂಡು ಕೂತರು.

"ಅಧ್ಯಕ್ಷರೇ, ನಾನು ಇಳಿಯೋವಾಗ 'ಮಹಾತಾಯಿ' ಅಂತ ಏನೋ ಹೇಳ್ತಿದ್ರಲ್ಲ, ಯಾಕೆ ನಿಲ್ಲಿಸಿದ್ರಿ? ಮುಂದಕ್ಕೆ ಹೇಳಿ."

ಚಾಮಯ್ಯನವರು ಕೈಯ ಮಣ್ಣು ಒರೆಸಿಕೊಂಡು ಭಾಷಣ ಪೂರ್ತಿ ಮಾಡಿದರು. ಸರೋಜಮ್ಮ ನಡುನಡುವೆ ತಿದ್ದಿದರು. "ಹಾಡ್ತಿದ್ದೆ ಅಂತಾನೂ ಸೇರಿಸಿ." ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ. ತಪಾವ್ ಇಡ್ಲಿಗೆ ತಟ್ಟೆಗಳು ಬಂದವು. ವಳ್ಳಿ ಅಕ್ಕ ನಮ್ಮತ್ತೆಯ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ದಿನಾ ಬೆಳಗ್ಗೆ ವಾಕಿಂಗಿಗೆ ಜೊತೆಯಾಗಿ ಹೋಗುವುದೆಂದು ಮಾತೂ ಆಯಿತು.

ವ್ಯಾನಿನಲ್ಲಿ ಬಂದ ಮೇಡಂ ಯಾಪ್ ಮುಖವಿಲ್ಲದ ಆಕೃತಿಯನ್ನು ಬಹಳ ಹೊತ್ತು ನೋಡಿದರು. "ಇದನ್ನ ಸುಡಬೇಡ. ಬಕೆಟ್ ನೀರಲ್ಲಿ ನೆನೆಹಾಕು ಲಾ," ಎಂದು ಹೇಳಿ, ಒಂದು ದೋಸೆ ತಿಂದು ಹೋದರು.

ಎಲ್ಲರೂ ಹೊರಟ ಮೇಲೆ ಅತ್ತೆ ನನ್ನನ್ನು ಕರೆದರು.

"ಅಳಿಯಂದ್ರೆ, ನನ್ನ ಮುಖ ಕಾಣದೋರೂ ಅತ್ರು. ನಿಮ್ಮ ಕಣ್ಣಲ್ಲಿ ಒಂದು ಹನಿ ಇಲ್ವಲ್ಲ?"

"ಅತ್ತೆ, ನೀವು ಬದುಕಿದ್ದೀರಿ ಅಂತ ನನಗೆ ಗೊತ್ತಿತ್ತಲ್ಲ!"

"ಅದೂ ಸರಿ." ಅವರು ಹಾರದಿಂದ ಒಂದು ಮಲ್ಲಿಗೆ ಹೂ ಬಿಡಿಸಿ ಮುಡಿಗಿಟ್ಟುಕೊಂಡರು. "ಇಲ್ಲಿ ನನಗೆ ಇಷ್ಟೊಂದು ಜನ ಇದ್ದಾರೆ ಅಂತಾನೇ ಗೊತ್ತಿರ್ಲಿಲ್ಲ. ಅದಕ್ಕೇ ನನ್ನ ವಾಪಸ್ ಟಿಕೆಟ್ ಯುಗಾದಿ ಕಳೆದ ಮೇಲಕ್ಕೆ ಹಾಕಿಸೋಕೆ ಭವ್ಯಂಗೆ ಹೇಳಿದ್ದೀನಿ. ಈಗ ಬೇಕಾದ್ರೆ ಅಳಿ."